ನೋಡ್ ಜೆಎಸ್‌ನಲ್ಲಿ ಇನ್‌ಪುಟ್ ಪಿನ್ ಓದುವಾಗ ಗುಂಡಿ ಒತ್ತಿದ್ದು ತಪ್ಪಿಹೋಗುವುದೇಕೆ?

ಪ್ರಶ್ನೆ: ಲಿನಕ್ಸ್ ಇರುವ ಸಣ್ಣ ಬೋರ್ಡೊಂದರ 17ನೇ ಜಿಪಿಐಒ ಪಿನ್‌ಗೆ (ಪ್ರೋಗ್ರಾಮಿನಿಂದ ಓದಬಹುದಾದ, ನಿಯಂತ್ರಿಸಬಹುದಾದ ಪಿನ್) ಒತ್ತುಗುಂಡಿ ಜೋಡಿಸಿದ್ದೇನೆ, ಅದರ ಇನ್ನೊಂದು ತುದಿ 3.3 ವೋಲ್ಟ್‌ಗೆ ಸೇರಿದೆ. ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಪ್ರೋಗ್ರಾಮಿನಿಂದ 100 ಮಿಲಿಸೆಕೆಂಡಿಗೊಮ್ಮೆ ಸಿಸ್‌ಎಫ್‌ಎಸ್‌ನ (ಹಾರ್ಡ್‌ವೇರನ್ನು ಫೈಲುಗಳಂತೆ ತೋರಿಸುವ ಲಿನಕ್ಸ್ ವ್ಯವಸ್ಥೆ) ವ್ಯಾಲ್ಯೂ ಫೈಲನ್ನು ಓದುತ್ತಿದ್ದೇನೆ. ಬೇಗ ಒತ್ತಿ ಬಿಟ್ಟರೆ ಅದು ಗೊತ್ತಾಗುವುದೇ ಇಲ್ಲ. ಯಾರೂ ಮುಟ್ಟದಿದ್ದಾಗಲೂ ಕೆಲವೊಮ್ಮೆ 1 ಬರುತ್ತದೆ. ದಯವಿಟ್ಟು ತಿಳಿಸಿ, ಸರ್.

ಉತ್ತರ: ಎರಡನೆಯ ತೊಂದರೆಯನ್ನು ಮೊದಲು ಸರಿಪಡಿಸಿಕೊಳ್ಳಿ, ಏಕೆಂದರೆ ಅದು ನಿಮ್ಮ ಕೋಡಿನದಲ್ಲ. ಗುಂಡಿ ಬಿಟ್ಟಾಗ ಪಿನ್ ಯಾವುದಕ್ಕೂ ಸೇರಿರುವುದಿಲ್ಲ. ಆಗ ಆ ತಂತಿ ಆಂಟೆನಾದಂತೆ ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಹಿಡಿಯುತ್ತದೆ. ಪಿನ್ ಮತ್ತು ಗ್ರೌಂಡ್ ನಡುವೆ 10 ಕಿಲೋಓಮ್‌ನ ಪುಲ್‌ಡೌನ್ ರೆಸಿಸ್ಟರ್ (ಗುಂಡಿ ಬಿಟ್ಟಾಗ ಪಿನ್ನನ್ನು ಸೊನ್ನೆ ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಹಾಕಿದರೆ ಓದು ಸೊನ್ನೆಯಲ್ಲಿ ನಿಲ್ಲುತ್ತದೆ.

ಇನ್ನು ತಪ್ಪಿಹೋಗುವ ಒತ್ತುಗಳು. ಎರಡು ಓದುಗಳ ನಡುವೆ ಗುಂಡಿಯನ್ನು ಒತ್ತಿ ಬಿಟ್ಟರೆ ಪ್ರೋಗ್ರಾಮಿಗೆ ಅದು ನಡೆದೇ ಇಲ್ಲ. ಬೇರೆ ಕೆಲಸದಿಂದ ಈವೆಂಟ್ ಲೂಪ್ (ಕೆಲಸಗಳನ್ನು ಒಂದೊಂದಾಗಿ ಸರದಿಯಲ್ಲಿ ನಡೆಸುವ ನೋಡ್‌ನ ಚಕ್ರ) ತಡವಾದರೆ ಆ ಅಂತರ 100 ಮಿಲಿಸೆಕೆಂಡನ್ನೂ ಮೀರುತ್ತದೆ. ಅಂತರವನ್ನು ಕಿರಿದು ಮಾಡುತ್ತಾ ಹೋಗುವುದು ಪ್ರೊಸೆಸರ್‌ಗೆ ಹೊರೆಯೇ ಹೊರತು ಪರಿಹಾರವಲ್ಲ. ಬದಲಾವಣೆಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಗಮನಿಸಿ ತಿಳಿಸುವಂತೆ ಮಾಡಿ. ಲಿನಕ್ಸ್ 4.8ರಿಂದ ಇದಕ್ಕೆ ಕ್ಯಾರೆಕ್ಟರ್ ಡಿವೈಸ್ (ಪ್ರೋಗ್ರಾಮುಗಳು ಕರ್ನಲ್ ಜೊತೆ ವ್ಯವಹರಿಸುವ ವಿಶೇಷ ಫೈಲು) ಇದೆ. ಸಿಸ್‌ಎಫ್‌ಎಸ್‌ನ ದಾರಿ ಈಗ ಹಳತಾಗಿದೆ. ಆ ಡಿವೈಸನ್ನು ಬಳಸುವ ಲಿಬ್‌ಜಿಪಿಐಒಡಿ ಎಂಬ ಲೈಬ್ರರಿಯ ಜೊತೆಗೆ ಬರುವ, ಪಿನ್ನಿನ ಬದಲಾವಣೆಗಳನ್ನು ಒಂದೊಂದು ಸಾಲಾಗಿ ತೋರಿಸುವ ಜಿಪಿಐಒಮಾನ್ ಎಂಬ ಕಮಾಂಡನ್ನು ನೋಡ್‌ನ ಸ್ಪಾನ್ (ಬೇರೆ ಪ್ರೋಗ್ರಾಮನ್ನು ಚಾಲೂ ಮಾಡುವ ಫಂಕ್ಷನ್) ಮೂಲಕ ಚಾಲೂ ಮಾಡಿ, ಅದರ ಔಟ್‌ಪುಟ್ಟನ್ನು ನೋಡ್‌ನದೇ ರೀಡ್‌ಲೈನ್ ಮಾಡ್ಯೂಲಿನಿಂದ ಸಾಲು ಸಾಲಾಗಿ ಓದುವುದೇ ನನಗೆ ಸರಳವೆನಿಸುತ್ತದೆ. ಔಟ್‌ಪುಟ್ಟಿನ ತುಣುಕು ಬಂದಾಗಲೆಲ್ಲ ನೋಡ್ ಕೊಡುವ ಡೇಟಾ ಈವೆಂಟನ್ನು ನೇರವಾಗಿ ನೆಚ್ಚಬೇಡಿ. ಅದರಲ್ಲಿ ಒಮ್ಮೆ ಅರ್ಧ ಸಾಲು, ಇನ್ನೊಮ್ಮೆ ಎರಡು ಸಾಲು ಬರಬಹುದು.

ಆಗ ಒಂದೇ ಒತ್ತಿಗೆ ಹಲವು ಏರಿಳಿತಗಳು ಕಾಣಿಸಿದರೆ ಗಾಬರಿ ಬೇಡ. ಗುಂಡಿಯೊಳಗಿನ ಲೋಹದ ಪಟ್ಟಿ ಕೂರುವ ಮುನ್ನ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಕೊನೆಯ ಬದಲಾವಣೆಯಾಗಿ 20 ಮಿಲಿಸೆಕೆಂಡು ಸುಮ್ಮನಿದ್ದ ಮೇಲೆ ಸ್ಥಿತಿಯನ್ನು ಒಪ್ಪಿಕೊಳ್ಳಿ.

ಮರುಪ್ರಶ್ನೆ: ರೆಸಿಸ್ಟರ್ ಹಾಕಿದ ಮೇಲೆ ಓದು ಸ್ಥಿರವಾಯಿತು. ಆದರೆ ಜಿಪಿಐಒಮಾನ್ ಚಾಲೂ ಮಾಡಿದರೆ ಪಿನ್ ಬಿಡುವಾಗಿಲ್ಲ ಎಂಬ ದೋಷ ಬರುತ್ತಿದೆ.

ಉತ್ತರ: ನಿಮ್ಮ ಹಳೆಯ ಪ್ರೋಗ್ರಾಮ್ ನಿಂತಿದ್ದರೂ ಸಿಸ್‌ಎಫ್‌ಎಸ್‌ನಲ್ಲಿ ಮಾಡಿದ ಎಕ್ಸ್‌ಪೋರ್ಟ್ (ಪಿನ್ ಸಂಖ್ಯೆಯನ್ನು ಎಕ್ಸ್‌ಪೋರ್ಟ್ ಫೈಲಿಗೆ ಬರೆದು ಪಿನ್ನನ್ನು ಬಳಕೆಗೆ ಪಡೆಯುವುದು) ಹಾಗೆಯೇ ಉಳಿದಿರುತ್ತದೆ. ಎಕ್ಸ್‌ಪೋರ್ಟ್‌ಗೆ ಬರೆದ ಸಂಖ್ಯೆಯನ್ನೇ ಅನ್‌ಎಕ್ಸ್‌ಪೋರ್ಟ್ ಫೈಲಿಗೆ ಬರೆಯಿರಿ, ಪಿನ್ ಬಿಡುಗಡೆಯಾಗುತ್ತದೆ. ಒಂದು ಪಿನ್ನನ್ನು ಒಂದು ಕಾಲಕ್ಕೆ ಒಬ್ಬರೇ ಹಿಡಿಯಬಹುದಾದ್ದರಿಂದ, ಜಿಪಿಐಒಮಾನ್ ನಡೆಯುತ್ತಿರುವಾಗ ಪಿನ್ನಿನ ಸ್ಥಿತಿಯನ್ನು ಒಮ್ಮೆ ಓದಿ ತಿಳಿಸುವ ಜಿಪಿಐಒಗೆಟ್ ಕಮಾಂಡಿಗೂ ಇದೇ ದೋಷ ಬರುತ್ತದೆ. ಆದ್ದರಿಂದ ಆರಂಭದಲ್ಲಿ ಜಿಪಿಐಒಗೆಟ್‌ನಿಂದ ಒಮ್ಮೆ ಸ್ಥಿತಿಯನ್ನು ಓದಿಕೊಂಡು, ಮುಂದೆ ಬರುವ ಪ್ರತಿ ಸಾಲಿನಿಂದ ಅದನ್ನು ನಿಮ್ಮದೇ ವೇರಿಯಬಲ್‌ನಲ್ಲಿ ಪರಿಷ್ಕರಿಸುತ್ತಾ ಹೋಗಿ.