ಅಪ್‌ಡೇಟ್: ಸಂಪಾಜೆ ಘಾಟಿ ಹತ್ತುವಾಗ ಹೊಸ ಕಾರಿನ ಟೆಂಪರೇಚರ್ ದೀಪ

ಹಿಂದೆ ಕೇಳಿದ್ದು: ಮೂರು ಸಲ ಸರ್ವೀಸ್ ಸೆಂಟರಿಗೆ ಬಿಟ್ಟರೂ ಮಡಿಕೇರಿ ಏರುವಾಗ ಇಂಜಿನ್ ಬಿಸಿಯಾಗುವುದು ನಿಲ್ಲುತ್ತಿಲ್ಲ ಎಂದು.

ಕಾರಣ ಸಿಕ್ಕಿದೆ. ಮೂರು ಸಲವೂ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ತುಂಬಿಸಿ ಫಾಲ್ಟ್ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಸಂಕೇತ) ಅಳಿಸಿದ್ದರು, ಅಷ್ಟೆ. ಕೋಡ್ ಅಳಿಸಿದರೆ ದೋಷದ ಕ್ಷಣದ ಫ್ರೀಜ್ ಫ್ರೇಮ್ ದಾಖಲೆಯೂ ಹೋಗುತ್ತದೆ. ದಯವಿಟ್ಟು ಅಳಿಸುವ ಮೊದಲು ಅದರ ಪ್ರಿಂಟ್ ಪಡೆಯಿರಿ. ನಾಲ್ಕನೇ ಸಲ ಇಂಜಿನ್ ತಣ್ಣಗಿದ್ದಾಗ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವುದು) ಮಾಡಿಸಿದಾಗ, ಥರ್ಮೋಸ್ಟಾಟ್ ಹೌಸಿಂಗ್‌ನ (ಕೂಲಂಟ್ ಹರಿವು ನಿಯಂತ್ರಿಸುವ ಕವಾಟದ ಕವಚ) ಅಂಚಿನಲ್ಲಿ ಒಣಗಿದ ಕೂಲಂಟ್‌ನ ಗುಲಾಬಿ ಬಣ್ಣದ ಪುಡಿ, ಅದರ ಮೇಲೆ ಹೊಸ ಹನಿ ಕಂಡಿತು. ಗ್ಯಾಸ್ಕೆಟ್ (ಸೋರದಂತೆ ತಡೆಯುವ ಸೀಲ್) ಸರಿಯಾಗಿ ಕೂತಿರಲಿಲ್ಲ. ಸಪಾಟು ರಸ್ತೆಯಲ್ಲಿ ಗೊತ್ತಾಗದ ಸೋರಿಕೆ, ಲೋಡ್ ಹೆಚ್ಚಾಗಿ ಒತ್ತಡ ಏರಿದಾಗ ಜೋರಾಗುತ್ತದೆ. ಹೌಸಿಂಗ್, ಗ್ಯಾಸ್ಕೆಟ್ ಎರಡನ್ನೂ ವಾರಂಟಿಯಲ್ಲಿ ಬದಲಿಸಿದರು.

ಜಾಬ್ ಕಾರ್ಡಿನಲ್ಲಿ (ಸರ್ವೀಸ್ ಸೆಂಟರ್ ಕೆಲಸ ಬರೆದುಕೊಳ್ಳುವ ಚೀಟಿ) ಬರೀ ‘ಜನರಲ್ ಚೆಕಪ್’ ಎಂದಿದ್ದರೆ ಸಹಿ ಹಾಕಬೇಡಿ. ದೂರು, ಕಿಲೋಮೀಟರ್, ಕಾರು ನಿಂತ ದಿನಗಳು ಬರೆದಿರಲೇಬೇಕು. ಮತ್ತೆ ಮರುಕಳಿಸಿದರೆ ಲಿಖಿತ ನೋಟಿಸ್, ನಂತರ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾರು ಮೈಸೂರಿನಲ್ಲಿ ಕೊಂಡಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರು ಕೊಡಲು ಅವಧಿ 2 ವರ್ಷ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಸದ್ಯಕ್ಕೆ ಪ್ರತಿ ಬೆಳಿಗ್ಗೆ ತಣ್ಣನೆಯ ಇಂಜಿನ್ನಿನಲ್ಲಿ ಕೂಲಂಟ್ ಮಟ್ಟದ ಫೋಟೊ ತೆಗೆಯುತ್ತಿದ್ದೇನೆ.