ನಿಕಲ್ ಎಲೆಕ್ಟ್ರೋಡ್ ಹೊತ್ತಿಗೊಂದು ರೀಡಿಂಗ್ ಕೊಡ್ತಿದೆ, ಯಾರಾದ್ರೂ ಬಿಡಿಸಿ ಹೇಳಿ

ಕ್ಷಾರಪೀಡಿತ: ತಲೆ ಕೆಟ್ಟು ಕೆರ ಹಿಡಿದು ಹೋಗಿದೆ. ಓಇಆರ್ (ಕರೆಂಟ್ ಕೊಟ್ಟು ನೀರಿನಿಂದ ಆಕ್ಸಿಜನ್ ಬಿಡಿಸೋದು) ಮಾಡ್ತಿದ್ದೀನಿ, ಕೆಓಎಚ್ (ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಕ್ಷಾರ) ದ್ರಾವಣದಲ್ಲಿ ಸಾದಾ ನಿಕಲ್ ಹಾಳೆ. ಬೆಳಿಗ್ಗೆ 10 ಮಿಲಿಆಂಪ್‌ಗೆ ಓವರ್‌ಪೊಟೆನ್ಷಿಯಲ್ (ಲೆಕ್ಕಕ್ಕಿಂತ ಮೇಲೆ ಕೊಡಬೇಕಾದ ವೋಲ್ಟೇಜು, ಕಡಿಮೆ ಇದ್ದಷ್ಟೂ ಒಳ್ಳೇದು) 380 ಮಿಲಿವೋಲ್ಟ್. ಸಿವಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯೋದು) ಓಡಿಸ್ತಾ ಹೋದ್ರೆ ಸಂಜೆಗೆ 310. ಇದು ಬ್ಲ್ಯಾಂಕ್ ರೀ, ಇದರ ಮೇಲೆ ಏನೂ ಬಳಿದಿಲ್ಲ! ನನ್ನ ಕೋಬಾಲ್ಟ್ ಲೇಪನದ ಸ್ಯಾಂಪಲ್ಲೇ 320 ಕೊಡೋದು. ಗೈಡ್ ಮುಂದೆ ಏನಂತ ಇಡಲಿ? ಸೆಟಪ್ ಎಲ್ಲ ಮಾಮೂಲಿನದೇ.

ಹಳೇಬ್ಯಾಟರಿ: ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯೋಕೆ ಇಡೋ ಮಾನದಂಡ) ಹೋಗಿದೆ. ಬದಲಾಯಿಸು.

ಟೆಫ್ಲಾನ್‌ಪ್ರೇಮಿ: ಮಾಮೂಲಿ ಅಂದ್ರೆ ಯಾವುದು ಮಾರಾಯ್ರೆ? ಕೆಓಎಚ್ ಎಷ್ಟು ಮೋಲಾರ್, ಯಾವ ಗ್ರೇಡು, ಸೆಲ್ ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ, ಐಆರ್ (ದ್ರಾವಣದ ರೋಧದಲ್ಲಿ ನಷ್ಟವಾಗುವ ವೋಲ್ಟೇಜು) ಕಳೆದಿದ್ದೀರೋ ಇಲ್ಲವೋ? ನಿಮ್ಮ ಲ್ಯಾಬು ನಮಗೆ ಕಾಣ್ತದಾ?

ಕ್ಷಾರಪೀಡಿತ: 1 ಮೋಲಾರ್. ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್, ಆರ್‌ಎಚ್‌ಇಗೆ (ಹೈಡ್ರೋಜನ್ ಎಲೆಕ್ಟ್ರೋಡಿನ ಅಳತೆಗೆ) ತರೋಕೆ 0.92 ವೋಲ್ಟ್ ಕೂಡಿಸ್ತೀನಿ. ಐಆರ್ 85% ಕಳೆದಿದೆ.

ಹಳೇಬ್ಯಾಟರಿ: ನಾನು ಹೇಳಲಿಲ್ವಾ. ಒಳಗಿನ ದ್ರಾವಣ ಹಳಸಿರುತ್ತೆ. ಎರಡು ರೆಫರೆನ್ಸ್ ಒಂದೇ ಬೀಕರ್‌ಗೆ ಇಳಿಸಿ ಮಲ್ಟಿಮೀಟರ್ ಹಿಡಿ.

ಓಮ್‌ಕಾರ: 85% ಯಾಕೆ? ಪೂರ್ತಿ 100 ಕಳೀಬೇಕು. ಅರ್ಧಂಬರ್ಧ ಕಳೆದು ಟಾಫೆಲ್ ಸ್ಲೋಪ್ (ಕರೆಂಟ್ ಹತ್ತು ಪಟ್ಟು ಆಗೋಕೆ ಎಷ್ಟು ವೋಲ್ಟೇಜ್ ಬೇಕು ಅನ್ನೋ ಲೆಕ್ಕ) ಹಾಕೋರೇ ಜಾಸ್ತಿ ಆಗಿದ್ದಾರೆ.

ಟೆಫ್ಲಾನ್‌ಪ್ರೇಮಿ: ಓಡ್ತಾ ಇರುವಾಗ 100 ಕೊಟ್ರೆ ಪೊಟೆನ್ಷಿಯೊಸ್ಟಾಟ್ (ವೋಲ್ಟೇಜ್ ಹಿಡಿದಿಡುವ ಯಂತ್ರ) ಕುಣಿಯೋಕೆ ಶುರು ಮಾಡ್ತದೆ. ನೀವು ಕೊಟ್ಟು ನೋಡಿದ್ದೀರಾ?

ಓಮ್‌ಕಾರ: ಡೇಟಾ ಬಂದ ಮೇಲೆ ಲೆಕ್ಕದಲ್ಲಿ ಕಳೆಯೋದು ಅಂದೆ. ಮೊದಲು ಸರಿಯಾಗಿ ಓದಿ.

ಟೆಫ್ಲಾನ್‌ಪ್ರೇಮಿ: ಹಾಗಂತ ಬರೆದಿದ್ರೆ ಓದ್ತಿದ್ದೆ.

ಕ್ಷಾರಪೀಡಿತ: ಹಳೇಬ್ಯಾಟರಿ ಸರ್, ಹಿಡಿದು ನೋಡಿದೆ. ಎರಡು ರೆಫರೆನ್ಸ್‌ಗೂ 2 ಮಿಲಿವೋಲ್ಟ್ ವ್ಯತ್ಯಾಸ ಅಷ್ಟೇ.

ಹಳೇಬ್ಯಾಟರಿ: ಎರಡೂ ಒಂದೇ ಸಲ ತಂದಿದ್ದಾಗಿದ್ರೆ ಎರಡೂ ಹಾಳಾಗಿರಬಹುದು.

ತಾರಸಿಪ್ರಯೋಗ: ಇಷ್ಟೆಲ್ಲ ಯಾಕೆ ಗುರೂ? ನಮ್ಮ ತಾರಸಿ ಮೇಲೆ 316 ಸ್ಟೀಲ್ ಪ್ಲೇಟು, ಹಳೇ ಫಿಲ್ಟರ್ ಡಬ್ಬಿ, ಕಾಸ್ಟಿಕ್ ಹಾಕಿ 12 ವೋಲ್ಟ್ ಕೊಟ್ಟಿದ್ದೀನಿ, ಬುಳಬುಳ ಅಂತ ಗ್ಯಾಸು ಬರುತ್ತೆ. ನೀರು ಮಾತ್ರ ಹಳದಿ ಆಗ್ತಾ ಇದೆ. ಫೋಟೊ ಹಾಕ್ಲಾ?

ಕಬ್ಬಿಣದಕಡಲೆ: ತಾರಸಿಯವರೇ, ಮೊದಲು ಅದನ್ನ ಆಫ್ ಮಾಡಿ. ಸ್ಟೀಲಿನ ಕ್ರೋಮಿಯಂ ಆನೋಡ್ ಕಡೆ ಕ್ರೋಮೇಟ್ ಆಗಿ ನೀರಿಗಿಳಿಯುತ್ತೆ, ಹಳದಿ ಅದರದ್ದೇ. ವಿಷ ಅದು, ಕ್ಯಾನ್ಸರ್ ತರುವಂಥದ್ದು. ಚರಂಡಿಗೂ ಸುರಿಯಬೇಡಿ, ಕೈಗೂ ತಾಗಿಸಬೇಡಿ.

ಈಗ ಕ್ಷಾರಪೀಡಿತರೇ. 10 ಮಿಲಿಆಂಪ್‌ಗೆ 2 ಓಮ್ ಅಡ್ಡ ಬಂದ್ರೂ 20 ಮಿಲಿವೋಲ್ಟ್, ಅದರಲ್ಲಿ ಬಿಟ್ಟ 15% ಅಂದ್ರೆ 3. ಇಲ್ಲಿ ಜಾರಿರೋದು 70. ಐಆರ್ ಜಗಳ ಬೇರೆ ಕಡೆ ಮಾಡ್ಕೊಳ್ಳಿ. ನನಗೆ ಬೇಕಿರೋದು ಒಂದೇ: ಆಕ್ಸಿಜನ್ ಶುರುವಾಗೋ ಮುಂಚೆ, 1.35ರಿಂದ 1.45 ವೋಲ್ಟ್ ನಡುವೆ, ನಿಕಲ್ ಹೈಡ್ರಾಕ್ಸೈಡ್ ಆಕ್ಸಿಹೈಡ್ರಾಕ್ಸೈಡ್ ಆಗುವ ಗುಬುಟು ಗ್ರಾಫಿನಲ್ಲಿ ಇದೆಯಲ್ಲ, ಅದು ಬೆಳಿಗ್ಗೆ ಎಲ್ಲಿತ್ತು, ಸಂಜೆ ಎಲ್ಲಿದೆ?

ಕ್ಷಾರಪೀಡಿತ: ಸಂಜೆಗೆ ಬಲಕ್ಕೆ ಸರಿದಿದೆ, ಸ್ವಲ್ಪ ಕುಗ್ಗಿದೆ ಕೂಡ. ಆಕ್ಸಿಜನ್ ಏರು ಮಾತ್ರ ಎಡಕ್ಕೆ ಬಂದಿದೆ.

ಕಬ್ಬಿಣದಕಡಲೆ: ಹಾಗಾದ್ರೆ ಅದು ಕಬ್ಬಿಣ. ರೆಫರೆನ್ಸ್ ಜಾರಿದ್ರೆ ಗ್ರಾಫ್ ಪೂರ್ತಿ ಒಂದೇ ಕಡೆಗೆ ಸರಿಯಬೇಕು. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಹೋಗೋಕೆ ರೆಫರೆನ್ಸ್‌ನಿಂದ ಸಾಧ್ಯವೇ ಇಲ್ಲ. ಸಾಮಾನ್ಯ ಗ್ರೇಡ್ ಕೆಓಎಚ್‌ನಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ಇದ್ರೂ ನಿಕಲ್ ಅದನ್ನ ಸಿವಿಯ ಸುತ್ತಿಗಿಷ್ಟು ಅಂತ ಹೀರಿಕೊಳ್ಳುತ್ತೆ, ಅದಕ್ಕೇ ರೀಡಿಂಗ್ ಇಳಿಯೋದು. 1987ರಲ್ಲೇ ಕಾರಿಗನ್ ಅನ್ನೋ ಸಂಶೋಧಕರು ಇದನ್ನ ತೋರಿಸಿದ್ರು. 2014ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಬೋಟ್ಚರ್ (Boettcher) ತಂಡ ಕಬ್ಬಿಣ ಪೂರ್ತಿ ತೆಗೆದು ನೋಡಿದ್ರೆ, ಎಲ್ಲರೂ ಹೊಗಳುತ್ತಿದ್ದ ನಿಕಲ್ ಓಇಆರ್‌ಗೆ ಮಹಾ ಸಪ್ಪೆ. ಅಂದಹಾಗೆ ಸೆಲ್ ಗಾಜಿನದಾ ಅಂತ ಕೇಳಿದ್ದಕ್ಕೆ ಉತ್ತರ ಬರಲೇ ಇಲ್ಲ.

ಕ್ಷಾರಪೀಡಿತ: ಗಾಜಿನದೇ. ಕೆಓಎಚ್ ರಾತ್ರಿಯೆಲ್ಲ ಅದರಲ್ಲೇ ಇರುತ್ತೆ.

ಟೆಫ್ಲಾನ್‌ಪ್ರೇಮಿ: ಅದಕ್ಕೇ ಕೇಳಿದ್ದು! ಕ್ಷಾರ ಗಾಜನ್ನ ತಿಂತದೆ, ಗಾಜಿನೊಳಗಿನ ಕಬ್ಬಿಣವೂ ಜೊತೆಗೇ ಇಳೀತದೆ. ನಾನು ಟೆಫ್ಲಾನ್ ಸೆಲ್ ಸ್ವತಃ ಲೇಥಲ್ಲಿ ಕಡೆಸಿದ್ದು, ಲಗ್ಗಿನ್ ನಳಿಗೆಯೂ (ರೆಫರೆನ್ಸನ್ನ ಹಾಳೆ ಹತ್ತಿರ ತರುವ ಕೊಳವೆ) ಟೆಫ್ಲಾನೇ, ಮುಚ್ಚಳಕ್ಕೆ ಐದು ತೂತು...

ಕಬ್ಬಿಣದಕಡಲೆ: ಅಷ್ಟು ಖರ್ಚು ಬೇಡ. ಆಸಿಡ್‌ನಲ್ಲಿ ತೊಳೆದ ಪಾಲಿಪ್ರೊಪಿಲೀನ್ ಟ್ಯೂಬ್ ತಗೊಳ್ಳಿ. 99.999% ಶುದ್ಧ ನಿಕಲ್ ನೈಟ್ರೇಟ್ ಕರಗಿಸಿ, ಕೆಓಎಚ್ ಹಾಕಿ. ತಿಳಿಹಸಿರು ಗಸಿ ಕೂರುತ್ತೆ. ಸೆಂಟ್ರಿಫ್ಯೂಜ್‌ಗೆ ಹಾಕಿ ತೊಳೀರಿ. ಆಮೇಲೆ ನಿಮ್ಮ 1 ಮೋಲಾರ್ ದ್ರಾವಣವನ್ನ ಆ ಗಸಿ ಮೇಲೆ ಸುರಿದು ಹತ್ತು ನಿಮಿಷ ಅಲ್ಲಾಡಿಸಿ, ಮೂರು ಗಂಟೆ ಬಿಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಕಬ್ಬಿಣವೆಲ್ಲ ಗಸಿಗೆ ಅಂಟಿರುತ್ತೆ.

ಕ್ಷಾರಪೀಡಿತ: ಮಾಡಿದೆ. ಹೊಸ ಹಾಳೆ, ಪ್ಲಾಸ್ಟಿಕ್ ಡಬ್ಬಿ, ಬಗ್ಗಿಸಿದ ತಿಳಿ. ಗುಬುಟು ಕದಲಲಿಲ್ಲ, ಸಂಜೆಯಾದ್ರೂ ರೀಡಿಂಗ್ ಇಳಿಯಲಿಲ್ಲ, ಬೆಳಗಿನದಕ್ಕಿಂತ ಇನ್ನೂ ಮೇಲೇ ಇದೆ. ಖುಷಿಯಾಗಿ ಕೋಬಾಲ್ಟ್ ಸ್ಯಾಂಪಲ್ಲನ್ನೂ ಅದರಲ್ಲೇ ಇಟ್ಟೆ, ಅದೂ ಮಕಾಡೆ ಮಲಗಿತು. ಈಗ 320 ನನ್ನ ಕೋಬಾಲ್ಟಿನದ್ದಾ, ಕೆಓಎಚ್ ಬಾಟಲಿಯದ್ದಾ?

ಕಬ್ಬಿಣದಕಡಲೆ: ಕೋಬಾಲ್ಟೂ ಕಬ್ಬಿಣ ಹೀರುತ್ತೆ. ಶುದ್ಧ ದ್ರಾವಣದಲ್ಲಿ ಒಂದು, ಬೇಕಂತಲೇ ಕಬ್ಬಿಣ ಬೆರೆಸಿದ್ದರಲ್ಲಿ ಒಂದು, ಎರಡೂ ಗ್ರಾಫ್ ಗೈಡ್ ಮುಂದೆ ಇಡಿ.

ತಾರಸಿಪ್ರಯೋಗ: ಆಫ್ ಮಾಡಿದೆ ಸಾರ್. ಹಳದಿ ನೀರು ಬಕೆಟ್ಟಲ್ಲಿದೆ, ಇದನ್ನೇನು ಮಾಡ್ಲಿ?

ಹಳೇಬ್ಯಾಟರಿ: ಕ್ಷಾರಪೀಡಿತ, ಏನೇ ಆಗಲಿ, ಒಂದು ಹೊಸ ರೆಫರೆನ್ಸ್ ತರಿಸಿಬಿಡು.