ಸಹಾಯ ಬೇಕು: 1572ರ ಪ್ಯಾರಿಸ್ ಮದುವೆಯನ್ನು ಕನ್ನಡ ನಾಟಕ ಮಾಡುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ಕಾಲೇಜು ಮಕ್ಕಳಿಗಾಗಿ ಒಂದು ಸಣ್ಣ ನಾಟಕ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಕಥೆ ಫ್ರಾನ್ಸಿನದು. ರಾಜನ ತಂಗಿ ಮಾರ್ಗರೆಟ್ ಕ್ಯಾಥೊಲಿಕ್. ವರ, ನವಾರ್‌ನ ಹೆನ್ರಿ, ಪ್ರಾಟೆಸ್ಟಂಟ್. ಎರಡು ಪಂಗಡಗಳ ಜಗಳ ನಿಲ್ಲಲಿ ಅಂತ ರಾಜಮಾತೆ ಕ್ಯಾಥರೀನ್ ಕೂಡಿಸಿದ ಸಂಬಂಧ. ಆಗಸ್ಟ್ 18ರಂದು ನೋಟ್ರ್ ಡಾಮ್ ಚರ್ಚಿನ ಹೊರಗೆ, ವೇದಿಕೆ ಕಟ್ಟಿ ಮದುವೆ ಮಾಡಿದರು. ಆಮೇಲೆ ವಧು ಪೂಜೆಗೆ (ಕ್ಯಾಥೊಲಿಕರ 'ಮಾಸ್'ಗೆ) ಒಳಗೆ ಹೋದಳು, ವರ ಹೋಗಲಿಲ್ಲ. ಅವನ ಜಾಗದಲ್ಲಿ ನಿಂತವನು ವಧುವಿನ ಅಣ್ಣ! ನಾಲ್ಕೇ ದಿನಕ್ಕೆ ಪ್ರಾಟೆಸ್ಟಂಟ್ ನಾಯಕ ಕೊಲಿನ್ಯಿಗೆ ಗುಂಡು ಬಿತ್ತು. 24ರ ಬೆಳಗಿನ ಜಾವ ಪ್ರಾಟೆಸ್ಟಂಟರ ಹತ್ಯಾಕಾಂಡ ಶುರುವಾಯಿತು. ಗಾಯಗೊಂಡವನೊಬ್ಬ ಓಡಿಬಂದು ತನ್ನ ಹಾಸಿಗೆ ಮೇಲೇ ಬಿದ್ದ ಅಂತ ಮಾರ್ಗರೆಟ್ ನೆನಪುಗಳಲ್ಲಿ ಬರೆದಿದ್ದಾಳೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಕೇಳಬೇಕಾದ್ದು. ವಧು ಹೋದದ್ದಕ್ಕೆ 'ಬಲಿಪೂಜೆ' ಅನ್ನಬೇಕಾ, ಬರೀ 'ಪೂಜೆ' ಸಾಕಾ? ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಮಾತಿನಲ್ಲಿ ಯಾವುದು ಜಾಸ್ತಿ? ಹೆನ್ರಿ ಕಡೆಯವರ ಬಾಯಲ್ಲಿ 'ಆರಾಧನೆ' ಅಂದರೆ ಸರಿಯಾ? ಬಾಸೆಲ್ ಮಿಷನ್ (ಪ್ರಾಟೆಸ್ಟಂಟ್) ಪರಂಪರೆಯ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಜ್ಜ ಅಜ್ಜಿ ಬಳಸುತ್ತಿದ್ದ ಮಾತು ಸಿಕ್ಕರೆ ಇನ್ನೂ ಒಳ್ಳೆಯದು. ಯಾರ ನಂಬಿಕೆಗೂ ನೋವಾಗದ ಹಾಗೆ ಬರೆಯಬೇಕು ಅನ್ನೋದೇ ನನ್ನ ಆಸೆ.

ಫ್ರಾನ್ಸಿನ ಪ್ರಾಟೆಸ್ಟಂಟರ ಹೆಸರನ್ನು 'ಹ್ಯೂಗೆನಾಟ್' ಅಂತ ಬರೆಯಲಾ, 'ಯುಗ್ನೋ' ಅಂತಲಾ? ಫ್ರೆಂಚ್ ಬಲ್ಲವರು ತಿಳಿಸಿ.